ಪಿತ್ತರಸದ ಜಿಜ್ಞಾಸೆ

ನಮ್ಮ ಸೀಮೆಯ ಮಾತಿನಲ್ಲಿ ಪಿತ್ತವೆಂಬ ಶಬ್ದಕ್ಕೆ ಬಹಳ ಕೆಲಸವುಂಟು. ಬಿಸಿಲಿನಲ್ಲಿ ತಿರುಗಿ ಬಂದವನಿಗೆ ತಲೆಸುತ್ತಿದರೆ ಪಿತ್ತವೆನ್ನುವರು. ಮುಂಜಾನೆ ಬಾಯಿ ಕಹಿಯಾದರೆ ಪಿತ್ತವೆನ್ನುವರು. ಸಿಟ್ಟುಗಾರನನ್ನು ಕಂಡರೆ ಪಿತ್ತ ನೆತ್ತಿಗೇರಿತೆನ್ನುವರು. ಇಷ್ಟು ಬಳಕೆಯ ಮಾತಾಗಿದ್ದರೂ, ಯಕೃತ್ತಿನಿಂದ ಹೊರಡುವ ಆ ಹಳದಿ ರಸವು ದೇಹದೊಳಗೆ ಮಾಡುವ ಕೆಲಸವೇನೆಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಈಚೆಗಂತೂ ಯಾದಗಿರಿ, ಶಹಾಪುರ, ಸುರಪುರಗಳ ಮನೆಮನೆಗಳಲ್ಲಿ ಸ್ಕ್ಯಾನಿಂಗ್ ಚೀಟಿಯು ಪರಿಚಿತವಾಗಿದ್ದು, ಅದರಲ್ಲಿ ಪಿತ್ತಕೋಶದ ಕಲ್ಲೆಂಬ ಮಾತನ್ನು ಕಂಡು ಮನೆಯವರು ಬೆದರುವುದುಂಟು. ಈ ಕಲ್ಲು ಎಲ್ಲಿಂದ ಬಂತು? ರಸದೊಳಗೆ ಮುಳುಗಿದ್ದರೂ ಅದು ಕರಗದೇಕೆ? ಅದನ್ನು ಕರಗಿಸುವ ಔಷಧವುಂಟೆ? ಈ ಮೂರು ಪ್ರಶ್ನೆಗಳಿಗೆ ಉತ್ತರವು ಒಂದೇ ಕಾಲದಲ್ಲಿ, ಒಬ್ಬನೇ ಪಂಡಿತನಿಂದ ದೊರೆಯಲಿಲ್ಲ. ಆ ಉತ್ತರವು ಕೂಡಿಬಂದ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿರುವುದು.

ಮೊದಲು ನಮ್ಮ ಶಾಸ್ತ್ರಕಾರರ ಮಾತನ್ನು ನೋಡುವ. ಆಯುರ್ವೇದದಲ್ಲಿ ಪಿತ್ತವು ತ್ರಿದೋಷಗಳಲ್ಲೊಂದು. ಅದು ಬರಿಯ ಯಕೃತ್ತಿನ ರಸವಲ್ಲ. ದೇಹದಲ್ಲಿ ಪಚನ, ವರ್ಣ, ದೃಷ್ಟಿ, ಕಾಂತಿ ಮೊದಲಾದುವನ್ನು ನಡೆಯಿಸುವ ತತ್ತ್ವವು. ಆದುದರಿಂದ ಪಿತ್ತದೋಷವನ್ನೂ ಇಂದಿನ ವೈದ್ಯರು ಹೇಳುವ ಪಿತ್ತರಸವನ್ನೂ ಒಂದೇ ಎಂದು ತಿಳಿಯುವುದು ಯುಕ್ತವಲ್ಲ. ಆದರೂ ಪಿತ್ತದ ಗುಣಗಳನ್ನೆಣಿಸುವಲ್ಲಿ ಚರಕನೂ ವಾಗ್ಭಟನೂ ಒಂದು ಸ್ವಾರಸ್ಯವಾದ ಮಾತನ್ನಾಡಿರುವರು. ಅದು ಉಷ್ಣ, ತೀಕ್ಷ್ಣ, ದ್ರವ ಎಂದು ಹೇಳುವುದರೊಡನೆ ಸಸ್ನೇಹ, ಎಂದರೆ ತುಸು ಜಿಡ್ಡುಳ್ಳದ್ದು, ಎಂದೂ ಹೇಳಿರುವರು. ನೀರಿನಂತೆ ಹರಿಯುವುದು, ಎಣ್ಣೆಯಂತೆ ಜಿಡ್ಡಾಗಿಯೂ ಇರುವುದು: ಈ ಎರಡು ಗುಣಗಳು ಒಂದೇ ವಸ್ತುವಿನಲ್ಲಿ ಸೇರಿರುವುದನ್ನು ಅವರು ಕಂಡು ಬರೆದಿಟ್ಟರು. ಸುಶ್ರುತನಾದರೋ ಪಿತ್ತವೇ ಅಗ್ನಿಯೋ, ಪಿತ್ತಕ್ಕಿಂತ ಬೇರೆಯಾದ ಅಗ್ನಿಯೊಂದುಂಟೋ ಎಂದು ಪ್ರಶ್ನೆಯನ್ನೆತ್ತಿ, ವಾದ ಮಾಡಿ, ಅನಂತರವೇ ನಿರ್ಣಯಕ್ಕೆ ಬರುವನು. ಶಾಸ್ತ್ರವೆಂದರೆ ಪ್ರಶ್ನಿಸದೆ ಒಪ್ಪತಕ್ಕದ್ದೆಂದು ತಿಳಿದವರು ಈ ಸ್ಥಳವನ್ನು ಗಮನಿಸಬೇಕು. ಆದರೆ ಅಶ್ಮರಿಯೆಂದು ಅವನು ವಿಸ್ತಾರವಾಗಿ ವರ್ಣಿಸಿ ಶಸ್ತ್ರಚಿಕಿತ್ಸೆಯನ್ನು ಹೇಳಿರುವುದು ಮೂತ್ರಾಶಯದ ಕಲ್ಲನ್ನು ಕುರಿತು, ಪಿತ್ತಕೋಶದ ಕಲ್ಲನ್ನು ಕುರಿತಲ್ಲ.

ಮನುಷ್ಯನ ಪಿತ್ತದ ಕಲ್ಲು ಕಣ್ಣಿಗೆ ಬೀಳುವುದು ಅಪೂರ್ವವಾಗಿದ್ದರೂ ದನದ ಪಿತ್ತದ ಕಲ್ಲು ನಮ್ಮವರಿಗೆ ಪ್ರಾಚೀನಕಾಲದಿಂದ ಪರಿಚಿತವೇ. ಅದೇ ಗೋರೋಚನ. ತಿಲಕಕ್ಕೂ, ಭೂರ್ಜಪತ್ರದ ಮೇಲೆ ಯಂತ್ರ ಬರೆಯುವುದಕ್ಕೂ, ಮಕ್ಕಳ ಔಷಧಕ್ಕೂ ಅದನ್ನು ಬಳಸುತ್ತಿದ್ದರು. ಗೋವಿನ ಆರೋಗ್ಯವನ್ನು ಕುರಿತ ವಿದ್ಯೆಯೂ ಈ ನಾಡಿನಲ್ಲಿ ಉಪೇಕ್ಷಿತವಾಗಿರಲಿಲ್ಲ. ಸುರಪುರ ಸೀಮೆಯ ಯೇವೂರಿನಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, ೧೦೭೭ನೆಯ ಇಸವಿಯ ಶಾಸನವೊಂದಿದ್ದು, ಕಲ್ಯಾಣದ ಚಾಲುಕ್ಯರ ವಂಶಾವಳಿಗೆ ಅದು ಮುಖ್ಯ ಆಧಾರವೆಂದು ಚರಿತ್ರಕಾರರು ಬಲ್ಲರು. ಆ ವಿಕ್ರಮಾದಿತ್ಯನ ಸಹೋದರನೆಂದು ಕವಿಚರಿತಕಾರರು ಹೇಳುವ ಕೀರ್ತಿವರ್ಮನೇ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದವನು. ಅರಸುಮಗನೊಬ್ಬನು ದನಗಳ ರೋಗಚಿಕಿತ್ಸೆಯನ್ನು ದೇಶಭಾಷೆಯಲ್ಲಿ ಬರೆದುದು ಸಾಮಾನ್ಯ ಸಂಗತಿಯಲ್ಲ. ಇಂದಿನ ಪೃಥಕ್ಕರಣದ ಪ್ರಕಾರ ಗೋರೋಚನವು ಬಹುಮಟ್ಟಿಗೆ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯದಿಂದಾದುದು. ಮನುಷ್ಯನ ಪಿತ್ತಕೋಶದ ಕಲ್ಲುಗಳಲ್ಲಿಯೂ ಇಂಥ ವರ್ಣದ್ರವ್ಯದ ಕಲ್ಲುಗಳುಂಟು. ಆದರೆ ಬೇರೊಂದು ಜಾತಿಯ ಕಲ್ಲುಗಳೂ ಉಂಟು. ನಮ್ಮ ಕಥೆಯು ಆ ಎರಡನೆಯ ಜಾತಿಯದು.

ಸುಮಾರು ೧೭೬೯ರಲ್ಲಿ ಫ್ರಾನ್ಸಿನ ಪುಲ್ತಿಯೇ ದ ಲಾ ಸಾಲ್ ಎಂಬ ವೈದ್ಯನು ಮನುಷ್ಯನ ಪಿತ್ತದ ಕಲ್ಲನ್ನು ಪರೀಕ್ಷಿಸಿ, ಅದರಿಂದ ಬಿಳಿಯ ಹೊಳಪುಳ್ಳ ಒಂದು ಪದಾರ್ಥವನ್ನು ಬೇರ್ಪಡಿಸಿದನು. ೧೮೧೫ರ ಸುಮಾರಿಗೆ ಶೆವ್ರೂಲ್ ಎಂಬ ಫ್ರೆಂಚ್ ರಸಾಯನಜ್ಞನು ಅದಕ್ಕೆ ಕೊಲೆಸ್ಟೆರಿನ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಖೋಲೆ ಎಂದರೆ ಪಿತ್ತ, ಸ್ಟೆರಿಯೋಸ್ ಎಂದರೆ ಘನ. ‘ಘನಪಿತ್ತ’ವೆಂದೇ ಅದರ ಅರ್ಥ. ಇಂದು ಎಲ್ಲರ ಬಾಯಲ್ಲಿರುವ ಕೊಲೆಸ್ಟರಾಲ್ ಎಂಬ ಹೆಸರು ಹೃದಯದ ಬೇನೆಯಿಂದಲ್ಲ, ಪಿತ್ತಕೋಶದ ಕಲ್ಲಿನಿಂದ ಹುಟ್ಟಿತೆಂಬುದನ್ನು ಬಲ್ಲವರು ಕಡಿಮೆ. ಇದೇ ಶೆವ್ರೂಲನು ಸಾಬೂನಿನ ರಸಾಯನವನ್ನೂ ಮೊದಲು ಸ್ಪಷ್ಟಪಡಿಸಿದವನು. ಸಾಬೂನೂ ಪಿತ್ತವೂ ಒಬ್ಬನ ಕೈಯಲ್ಲಿ ಕೂಡಿದುದು ಅಂದಿಗೆ ಕಾಕತಾಳೀಯವಾಗಿ ತೋರಿದ್ದರೂ, ಅವೆರಡರ ಸಂಬಂಧವು ಎಷ್ಟು ಹತ್ತಿರದ್ದೆಂಬುದು ನೂರು ವರ್ಷಗಳ ಅನಂತರ ತಿಳಿಯಿತು.

ಪಿತ್ತರಸದಲ್ಲಿರುವ ಮತ್ತೊಂದು ಮುಖ್ಯ ಪದಾರ್ಥವೇ ಪಿತ್ತಲವಣ. ೧೮೨೭ರಲ್ಲಿ ಜರ್ಮನಿಯ ಟೀಡೆಮನ್, ಗ್ಮೆಲಿನ್ ಎಂಬಿಬ್ಬರು ಎತ್ತಿನ ಪಿತ್ತದಲ್ಲಿ ಒಂದು ವಸ್ತುವನ್ನು ಕಂಡರು. ಲ್ಯಾಟಿನ್ನಿನಲ್ಲಿ ಟಾರಸ್ ಎಂದರೆ ವೃಷಭವಾದುದರಿಂದ ಮುಂದೆ ಅದಕ್ಕೆ ಟಾರಿನ್ ಎಂದು ಹೆಸರಾಯಿತು. ಪಿತ್ತದಲ್ಲಿ ಒಂದು ಆಮ್ಲವು ಈ ಟಾರಿನ್ನಿನೊಡನೆಯೋ ಗ್ಲೈಸಿನ್ ಎಂಬುದರೊಡನೆಯೋ ಕೂಡಿಕೊಂಡಿರುವುದೆಂದು ೧೮೪೮ರಲ್ಲಿ ಸ್ಟ್ರೆಕರನು ತೋರಿಸಿದನು. ಈ ಪಿತ್ತಾಮ್ಲಗಳ ರಚನೆಯನ್ನು ಶೋಧಿಸಿದುದಕ್ಕಾಗಿ ವೀಲಾಂಡರಿಗೆ ೧೯೨೭ರ ನೊಬೆಲ್ ಪಾರಿತೋಷಕವೂ, ಕೊಲೆಸ್ಟರಾಲಿನ ವರ್ಗದ ವಸ್ತುಗಳನ್ನು ಶೋಧಿಸಿದ ವಿಂಡಾಸರಿಗೆ ೧೯೨೮ರ ಪಾರಿತೋಷಕವೂ ಸಂದುವು. ಆದರೆ ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ೧೯೩೨ರಲ್ಲಿ ಬರ್ನಾಲರು ಎಕ್ಸ್‌ಕಿರಣಗಳಿಂದ ಅಳೆದು ನೋಡಲಾಗಿ, ಆ ಮಹನೀಯರು ಹೇಳಿದ್ದ ಅಣುವಿನ ಆಕೃತಿಯು ಸರಿಯಲ್ಲವೆಂದು ಕಂಡುಬಂದಿತು. ವೀಲಾಂಡರು ಪಾರಿತೋಷಕದ ಗೌರವವನ್ನು ಹಿಡಿದು ಹಟ ಮಾಡದೆ, ಅದೇ ವರ್ಷ ತಾವೇ ತಿದ್ದಿದ ಆಕೃತಿಯನ್ನು ಪ್ರಕಟಿಸಿದರು. ಪಿತ್ತಾಮ್ಲವೂ ಕೊಲೆಸ್ಟರಾಲೂ ಒಂದೇ ಬಗೆಯ ನಾಲ್ಕು ಉಂಗುರಗಳ ಚೌಕಟ್ಟಿನ ಮೇಲೆ ಕಟ್ಟಿದ ದಾಯಾದಿಗಳೆಂಬುದು ಹೀಗೆ ನಿರ್ಣೀತವಾಯಿತು. ದಾಯಾದಿಗಳು ಮಾತ್ರವಲ್ಲ, ಯಕೃತ್ತು ಪಿತ್ತಾಮ್ಲವನ್ನು ಮಾಡುವುದು ಕೊಲೆಸ್ಟರಾಲಿನಿಂದಲೇ. ತಾಯಿಯು ನೀರಿಗಂಜುವವಳು, ಮಗಳು ನೀರಿನಲ್ಲಿ ಈಸಬಲ್ಲವಳು.

ಕೊಲೆಸ್ಟರಾಲು ನೀರಿಗೆ ಅಂಜುವುದೆಂಬುದು ಅಲಂಕಾರದ ಮಾತಲ್ಲ. ಒಂದು ಲೀಟರು ಶುದ್ಧ ನೀರಿನಲ್ಲಿ ಅದು ಹೆಚ್ಚೆಂದರೆ ಎರಡು ಮಿಲಿಗ್ರಾಮಿನಷ್ಟು ಕರಗೀತು. ಪಿತ್ತಕೋಶದ ರಸದಲ್ಲಿಯೂ ಬಹುಭಾಗ ನೀರೇ. ಆದರೆ ಅಲ್ಲಿ ಲೀಟರಿಗೆ ಕೆಲವು ಗ್ರಾಮುಗಳಷ್ಟು, ಎಂದರೆ ಸಾವಿರ ಪಾಲಿಗೂ ಮಿಕ್ಕಿ, ಕೊಲೆಸ್ಟರಾಲು ತಿಳಿಯಾಗಿ ಕರಗಿ ನಿಂತಿರುವುದು. ಇದು ಹೇಗೆ ಸಾಧ್ಯವೆಂಬುದೇ ವಿದ್ವಾಂಸರನ್ನು ಬಹುಕಾಲ ಕಾಡಿದ ಪ್ರಶ್ನೆ.

ಇದಕ್ಕೆ ಬೀಗದ ಕೈಯು ಸಾಬೂನಿನಲ್ಲಿ ದೊರೆಯಿತು. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ; ತಲೆಗೆ ನೀರು ಪ್ರಿಯ, ಬಾಲಕ್ಕೆ ಜಿಡ್ಡು ಪ್ರಿಯ. ನೀರಿನಲ್ಲಿ ಸಾಬೂನು ಒಂದು ಮಿತಿಗೆ ಮೀರಿದೊಡನೆ ಈ ಅಣುಗಳು ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಗುಂಪುಗೂಡುವುವು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿದ್ದ ಮ್ಯಾಕ್‌ಬೇನ್ ಎಂಬವರು ೧೯೧೩ರಲ್ಲಿ ಇದನ್ನು ಮಂಡಿಸಿದಾಗ ಕೇಳಿದವರು ಸುಲಭವಾಗಿ ನಂಬಲಿಲ್ಲ. ಇಂದು ಆ ಗುಂಪಿಗೆ ಮೈಸೆಲ್ ಎಂಬ ಹೆಸರು ಲೋಕಪ್ರಸಿದ್ಧವಾಗಿದೆ. ಅದಾದ ಮೂರೇ ವರ್ಷಕ್ಕೆ, ೧೯೧೬ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆಯು ಸ್ಥಾಪಿತವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ವಿದ್ಯೆಯಿಂದ ಮೈಸೂರು ಶ್ರೀಗಂಧದ ಸಾಬೂನು ಮನೆಮಾತಾಯಿತು. ಸಾಬೂನು ಬರುವ ಮುನ್ನವೂ ನಮ್ಮವರು ರೇಷ್ಮೆಯ ಸೀರೆಯನ್ನೂ ಆಭರಣಗಳನ್ನೂ ಅಂಟುವಾಳದ ನೊರೆಯಿಂದ ತೊಳೆಯುತ್ತಿದ್ದರು. ಸಂಸ್ಕೃತದಲ್ಲಿ ಅದಕ್ಕೆ ಫೇನಿಲ, ಎಂದರೆ ನೊರೆಯುಳ್ಳದ್ದು, ಎಂಬ ಹೆಸರುಂಟು. ಅದರ ಗುಟ್ಟೂ ಇದೇ: ಒಂದು ಭಾಗ ನೀರಿಗೆ, ಒಂದು ಭಾಗ ಜಿಡ್ಡಿಗೆ. ಯುರೋಪಿನಲ್ಲಂತೂ ಬಟ್ಟೆಯ ಕಲೆ ತೆಗೆಯಲು ಎತ್ತಿನ ಪಿತ್ತವನ್ನೇ ಬೆರಸಿದ ಸಾಬೂನನ್ನು ಬಳಸುತ್ತ ಬಂದಿರುವರು.

ಆದರೆ ಪಿತ್ತಲವಣವು ತಲೆಬಾಲಗಳ ಆಕಾರದ್ದಲ್ಲ. ಅದು ಚಪ್ಪಟೆಯಾದುದು. ಅದರ ಒಂದು ಮೈ ನೀರನ್ನು ಒಲ್ಲದು, ಇನ್ನೊಂದು ಮೈ ನೀರನ್ನು ಬಯಸುವುದು. ನಮ್ಮ ಸೀಮೆಯ ಗೃಹಿಣಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ: ಒಂದೇ ಬದಿಗೆ ತುಪ್ಪ ಸವರಿದ ಜೋಳದ ರೊಟ್ಟಿಯನ್ನು ನೆನೆದರೆ ಸಾಕು. ಇಂಥ ನಾಲ್ಕಾರು ರೊಟ್ಟಿಗಳು ತುಪ್ಪದ ಮೈಗಳನ್ನು ಒಳಮುಖ ಮಾಡಿ ಒತ್ತಿಕೊಂಡರೆ, ಹೊರಗಣ ನೀರಿಗೆ ಒಣಮೈ ಮಾತ್ರ ಕಾಣುವುದು, ಜಿಡ್ಡು ಒಳಗೆ ಅಡಗುವುದು. ಆ ಅಡಗಿದ ಜಿಡ್ಡಿನ ನಡುವೆ ಕೊಲೆಸ್ಟರಾಲಿಗೆ ಎಡೆ ದೊರೆಯುವುದು. ಆದರೆ ಈ ಗುಂಪು ತೀರ ಸಣ್ಣದಾದುದರಿಂದ ಎಡೆಯೂ ಸ್ವಲ್ಪವೇ. ಅದನ್ನು ದೊಡ್ಡದು ಮಾಡುವುದು ಲೆಸಿಥಿನ್ ಎಂಬ ಮೂರನೆಯ ಪದಾರ್ಥ. ಯಕೃತ್ತು ಅದನ್ನೂ ಪಿತ್ತರಸಕ್ಕೆ ಸೇರಿಸುವುದು. ಲೆಸಿಥಿನ್ನಿನ ಅಣುಗಳು ಪಿತ್ತಲವಣಗಳ ನಡುವೆ ಸೇರಿದಾಗ ಗುಂಪು ಹಿಗ್ಗಿ, ಹಲವು ಪಟ್ಟು ಹೆಚ್ಚು ಕೊಲೆಸ್ಟರಾಲನ್ನು ಹೊರಬಲ್ಲುದಾಗುವುದು. ಒಂದು ಮಾತಿನಲ್ಲಿ ಹೇಳುವುದಾದರೆ, ನೀರಿನಲ್ಲಿ ಕೊಲೆಸ್ಟರಾಲು ಕರಗುವುದು ಎಂಬುದಕ್ಕಿಂತ ಪಿತ್ತಲವಣ ಲೆಸಿಥಿನ್‌ಗಳ ಹೆಗಲ ಮೇಲೆ ಅದು ನೀರನ್ನು ದಾಟುವುದು ಎಂಬುದೇ ಸರಿ.

ಈ ಮೂರರ ಲೆಕ್ಕಾಚಾರವನ್ನು ಖಚಿತವಾಗಿ ಮಾಡಿದವರು ಅಮೆರಿಕೆಯ ಅಡ್ಮಿರಂಡ್, ಸ್ಮಾಲ್ ಎಂಬಿಬ್ಬರು. ೧೯೬೮ರಲ್ಲಿ ಅವರು ಒಂದು ತ್ರಿಕೋನವನ್ನು ಬರೆದು, ಅದರ ಮೂರು ಮೂಲೆಗಳಲ್ಲಿ ಪಿತ್ತಲವಣ, ಲೆಸಿಥಿನ್, ಕೊಲೆಸ್ಟರಾಲುಗಳನ್ನಿಟ್ಟು, ಯಾವ ಪ್ರಮಾಣದಲ್ಲಿ ರಸವು ತಿಳಿಯಾಗಿರುವುದು, ಯಾವ ಪ್ರಮಾಣದಲ್ಲಿ ಹರಳು ಕಟ್ಟುವುದು ಎಂಬುದಕ್ಕೆ ಗಡಿಯನ್ನು ಗುರುತಿಸಿದರು. ಕಲ್ಲಿಲ್ಲದವರ ಪಿತ್ತವು ಗಡಿಯೊಳಗೂ, ಕೊಲೆಸ್ಟರಾಲಿನ ಕಲ್ಲುಳ್ಳವರ ಪಿತ್ತವು ಗಡಿಯ ಮೇಲೋ ಹೊರಗೋ ಇರುವುದು ಅವರಿಗೆ ಕಂಡಿತು. ಗಡಿ ಮೀರಿದವರೆಲ್ಲರಿಗೂ ಕಲ್ಲಾಗದೆಂದೂ, ಪಿತ್ತಕೋಶವು ಚೆನ್ನಾಗಿ ಬರಿದಾಗದೆ ರಸವು ನಿಂತಲ್ಲಿ ಹರಳು ಬೆಳೆಯಲು ಅವಕಾಶ ಹೆಚ್ಚೆಂದೂ ಮುಂದಿನ ಶೋಧನೆಗಳು ತಿಳಿಸಿದುವು.

ಈ ರಸದ ಮಿತವ್ಯಯವೂ ಆಶ್ಚರ್ಯಕರವಾಗಿದೆ. ಮನುಷ್ಯನ ಮೈಯಲ್ಲಿ ಒಟ್ಟು ಪಿತ್ತಲವಣವಿರುವುದು ಎರಡರಿಂದ ನಾಲ್ಕು ಗ್ರಾಮು ಮಾತ್ರ. ಅದು ಕರುಳಿಗೆ ಇಳಿದು, ಉಂಡ ಅನ್ನದ ಜಿಡ್ಡನ್ನು ನೀರಿನೊಡನೆ ಹೊಂದಿಸಿ, ತನ್ನ ಕೆಲಸ ಮುಗಿದೊಡನೆ ಸಣ್ಣ ಕರುಳಿನ ತುದಿಯಲ್ಲಿ ಮತ್ತೆ ರಕ್ತಕ್ಕೆ ಸೇರಿ ಯಕೃತ್ತಿಗೆ ಮರಳುವುದು. ದಿನಕ್ಕೆ ಆರೆಂಟು ಬಾರಿ ಈ ಪ್ರದಕ್ಷಿಣೆ ನಡೆಯುವುದು. ದಿನವೊಂದಕ್ಕೆ ಅರ್ಧ ಗ್ರಾಮಿನಷ್ಟು ಮಾತ್ರ ಮಲದೊಡನೆ ನಷ್ಟವಾಗುವುದು. ಯಕೃತ್ತು ಅಷ್ಟನ್ನೇ ಕೊಲೆಸ್ಟರಾಲಿನಿಂದ ಹೊಸದಾಗಿ ಮಾಡಿ ತುಂಬಿಕೊಡುವುದು.

ಹೀಗೆ ಕಾರಣವು ತಿಳಿದ ಮೇಲೆ, ಪಿತ್ತಾಮ್ಲವನ್ನು ಹೊರಗಿನಿಂದ ಕೊಟ್ಟರೆ ಕಲ್ಲು ಕರಗೀತೆ ಎಂಬ ಪ್ರಶ್ನೆಯು ತಾನಾಗಿ ಹುಟ್ಟಿತು. ೧೯೭೨ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ವೈದ್ಯರು ಕೀನೋಡಿಯಾಕ್ಸಿಕೋಲಿಕ್ ಎಂಬ ಪಿತ್ತಾಮ್ಲವನ್ನು ನುಂಗಿಸಿ, ಕೆಲವರಲ್ಲಿ ಕಲ್ಲು ಕರಗಿದುದನ್ನು ಪ್ರಕಟಿಸಿದರು. ಇದಕ್ಕಿಂತ ಒಳ್ಳೆಯದೊಂದು ಜಪಾನಿನಿಂದ ಬಂದಿತು. ಚೀನ ಜಪಾನುಗಳ ವೈದ್ಯದಲ್ಲಿ ಕರಡಿಯ ಪಿತ್ತವು ಬಹುಕಾಲದಿಂದ ಔಷಧವಾಗಿದ್ದಿತು. ೧೯೨೭ರಲ್ಲಿ ಒಕಾಯಾಮದ ಶೋಡಾ ಎಂಬವರು ಅದರಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಕರಡಿಯ ಲ್ಯಾಟಿನ್ ಹೆಸರನ್ನು ಸೇರಿಸಿ ಅರ್ಸೋಡಿಯಾಕ್ಸಿಕೋಲಿಕ್ ಎಂದು ಕರೆದರು. ೧೯೭೫ರಲ್ಲಿ ಅದು ಪಿತ್ತದ ಕಲ್ಲನ್ನು ಕರಗಿಸಬಲ್ಲುದೆಂದು ಜಪಾನಿನ ವೈದ್ಯರು ತೋರಿಸಿದರು. ಈಗ ಅದನ್ನು ಕರಡಿಯನ್ನು ಕೊಲ್ಲದೆ ರಸಾಯನಶಾಲೆಯಲ್ಲಿಯೇ ಮಾಡುವರು. ಹಳೆಯ ಔಷಧವನ್ನು ಕುರುಡಾಗಿ ಹೊಗಳಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಶೋಧಿಸಿ, ಜಳ್ಳನ್ನು ತೂರಿ, ಕಾಳನ್ನು ಉಳಿಸಿಕೊಂಡರು. ಆದರೆ ಈ ಕಾಳಿಗೂ ಮಿತಿಯುಂಟು. ಕಲ್ಲು ಸಣ್ಣದಾಗಿರಬೇಕು, ಕೊಲೆಸ್ಟರಾಲಿನದಾಗಿರಬೇಕು, ಸುಣ್ಣ ಸೇರಿ ಗಟ್ಟಿಯಾಗಿರಬಾರದು, ಪಿತ್ತಕೋಶವು ಕೆಲಸ ಮಾಡುತ್ತಿರಬೇಕು. ಆಗಲೂ ಆರು ತಿಂಗಳಿಂದ ಎರಡು ವರ್ಷದವರೆಗೆ ಔಷಧ ಬೇಕು. ಕರಗಿದವರಲ್ಲಿ ಸುಮಾರು ಅರ್ಧ ಜನಕ್ಕೆ ಐದು ವರ್ಷಗಳೊಳಗೆ ಕಲ್ಲು ಮರಳುವುದು. ಆದುದರಿಂದಲೇ, ೧೮೮೨ರಲ್ಲಿ ಬರ್ಲಿನ್ನಿನಲ್ಲಿ ಲಾಂಗೆನ್‌ಬುಕ್ ಮೊದಲು ಮಾಡಿದ ಪಿತ್ತಕೋಶವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯು, ಇಂದು ಸಣ್ಣ ರಂಧ್ರಗಳ ಮೂಲಕ ನಡೆಯುವ ರೂಪದಲ್ಲಿ, ಬೇನೆ ಕೊಡುವ ಕಲ್ಲಿಗೆ ಮುಖ್ಯ ಚಿಕಿತ್ಸೆಯಾಗಿ ಉಳಿದಿದೆ. ನಮ್ಮ ದೇಶದಲ್ಲಿ ಆ ರೂಪದ ಚಿಕಿತ್ಸೆಯನ್ನು ೧೯೯೦ರಲ್ಲಿ ಮುಂಬಯಿಯಲ್ಲಿ ಉದ್ವಾಡಿಯಾ ಅವರು ಆರಂಭಿಸಿದರು.

ಇನ್ನು ನಮ್ಮ ನಾಡಿನವರ ಪಾಲೇನೆಂದು ವಾಚಕರು ಕೇಳಬಹುದು. ೧೯೬೮ರಲ್ಲಿ ಮಲ್ಹೋತ್ರಾ ಎಂಬ ವೈದ್ಯರು ಭಾರತದ ರೈಲ್ವೆ ನೌಕರರನ್ನು ಕುರಿತು ವಿಚಾರ ಮಾಡಿ, ಪಿತ್ತದ ಕಲ್ಲು ದಕ್ಷಿಣದವರಿಗಿಂತ ಉತ್ತರದವರಲ್ಲಿ ಏಳು ಪಟ್ಟು ಹೆಚ್ಚೆಂದು ಬರೆದರು. ದಕ್ಷಿಣದಲ್ಲಿ ವರ್ಣದ್ರವ್ಯದ ಕಲ್ಲುಗಳ ಪಾಲು ಹೆಚ್ಚೆಂದೂ ವೈದ್ಯರು ಗಮನಿಸಿರುವರು. ಅಂಥ ಕಲ್ಲಿಗೆ ಮೇಲೆ ಹೇಳಿದ ಪಿತ್ತಾಮ್ಲದ ಔಷಧವು ನಿರುಪಯೋಗಿ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಈ ವಿಷಯವಾಗಿ ಸ್ತುತ್ಯವಾದ ಕೆಲಸ ನಡೆಯಿತು. ಅರಿಸಿನದ ಸಾರವಾದ ಕುರ್ಕುಮಿನ್ ಇಲಿಗಳ ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಕೊಲೆಸ್ಟರಾಲನ್ನು ತಗ್ಗಿಸುವುದೆಂದು ಅಲ್ಲಿಯ ಸುಬ್ಬರಾವ್, ಚಂದ್ರಶೇಖರ ಮೊದಲಾದವರು ೧೯೭೦ರಲ್ಲಿ ಪ್ರಕಟಿಸಿದರು. ೧೯೯೨ರಲ್ಲಿ ಹುಸೇನ್, ಚಂದ್ರಶೇಖರ ಇವರು ಕಲ್ಲು ಹುಟ್ಟಿಸುವಂಥ ಆಹಾರವನ್ನು ಹತ್ತು ವಾರ ಚುಂಡಿಲಿಗಳಿಗೆ ತಿನ್ನಿಸಲಾಗಿ, ಬರಿಯ ಆ ಆಹಾರ ತಿಂದ ಎಲ್ಲಕ್ಕೂ ಕಲ್ಲಾಯಿತು. ಅದರೊಡನೆ ನೂರಕ್ಕೆ ಅರ್ಧ ಪಾಲು ಕುರ್ಕುಮಿನ್ ತಿಂದವುಗಳಲ್ಲಿ ನೂರಕ್ಕೆ ಇಪ್ಪತ್ತಾರಕ್ಕೆ ಮಾತ್ರ ಕಲ್ಲಾಯಿತು. ೨೦೦೯ರಲ್ಲಿ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು ಮೆಂತೆಯನ್ನು ಪರೀಕ್ಷಿಸಿ, ಆಹಾರದಲ್ಲಿ ನೂರಕ್ಕೆ ಐದು, ಹತ್ತು, ಹದಿನೈದು ಪಾಲು ಮೆಂತೆಯಿದ್ದಾಗ ಕಲ್ಲಾದವು ಕ್ರಮವಾಗಿ ನೂರಕ್ಕೆ ೬೩, ೪೦, ೧೦ ಎಂದು ಕಂಡರು.

ಈ ಅಂಕಿಗಳನ್ನೋದಿ ನಮ್ಮ ಅಡಿಗೆಮನೆಯೇ ಔಷಧಾಲಯವೆಂದು ಹಿಗ್ಗುವವರು ತಡೆದು ಯೋಚಿಸಬೇಕು. ಅವು ಚುಂಡಿಲಿಗಳ ಲೆಕ್ಕ, ಮನುಷ್ಯರದಲ್ಲ. ಉಣ್ಣುವ ಅನ್ನದಲ್ಲಿ ನೂರಕ್ಕೆ ಹದಿನೈದು ಪಾಲು ಮೆಂತೆಯನ್ನು ತಿನ್ನಬಲ್ಲವರಾರು? ಒಗ್ಗರಣೆಯ ಚಿಟಿಕೆಯು ಅದಕ್ಕೆ ಸಮನಾದೀತೆ? ಕಲ್ಲು ಆಗದಂತೆ ತಡೆಯುವುದು ಬೇರೆ, ಆದ ಕಲ್ಲನ್ನು ಕರಗಿಸುವುದು ಬೇರೆ. ಆ ವಿದ್ವಾಂಸರು ತಾವು ಕಂಡಷ್ಟನ್ನೇ ಹೇಳಿದರು. ನಾವೂ ಅಷ್ಟನ್ನೇ ಹೇಳುವುದು ಧರ್ಮ.

ಈ ಎಚ್ಚರಿಕೆಯು ಇಲ್ಲಿ ಸುಮ್ಮನೆ ಬಂದುದಲ್ಲ. ಎಣ್ಣೆಯನ್ನೂ ನಿಂಬೆಯ ರಸವನ್ನೂ ರಾತ್ರಿ ಕುಡಿದರೆ ಮರುದಿನ ಪಿತ್ತದ ಕಲ್ಲುಗಳು ಹಸಿರು ಗುಂಡುಗಳಾಗಿ ಬೀಳುವುವೆಂಬ ಒಂದು ಚಿಕಿತ್ಸೆಯು ಇಂದು ಬಾಯಿಂದ ಬಾಯಿಗೆ ಹಬ್ಬಿದೆ. ಗುಂಡುಗಳು ಬೀಳುವುದು ಸತ್ಯವೇ. ನ್ಯೂಜಿಲೆಂಡಿನ ಇಬ್ಬರು ವೈದ್ಯವಿಜ್ಞಾನಿಗಳು ಅಂಥ ಗುಂಡುಗಳನ್ನು ಪರೀಕ್ಷಿಸಿ, ೨೦೦೫ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದುದೇನೆಂದರೆ, ಅವುಗಳಲ್ಲಿ ಕೊಲೆಸ್ಟರಾಲಾಗಲಿ ಬಿಲಿರುಬಿನ್ ಆಗಲಿ ಇರಲಿಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿ ಗಟ್ಟಿಗೊಂಡು ಗುಂಡಾಗಿದ್ದಿತು. ಕಲ್ಲು ಇದ್ದಲ್ಲಿಯೇ ಇರುವುದು, ರೋಗಿಯು ಮಾತ್ರ ಗುಣವಾಯಿತೆಂದು ನಂಬಿ ಕಾಲ ಕಳೆಯುವನು. ಕಲ್ಲು ಪಿತ್ತನಾಳಕ್ಕೆ ಜಾರಿ ಕಾಮಾಲೆ, ಜ್ವರ, ಮೇದೋಜೀರಕಾಂಗದ ಉರಿಯೂತಗಳು ಬಂದಾಗ ಪ್ರಾಣಕ್ಕೇ ಸಂಚಕಾರವಾಗುವುದು. ಬಲಪಕ್ಕೆಯ ಕೆಳಗೆ ತೀವ್ರವಾದ ನೋವು, ಕಣ್ಣಿನ ಹಳದಿ, ಚಳಿಜ್ವರ ಇವು ಕಂಡಲ್ಲಿ ಮನೆಮದ್ದನ್ನು ಹುಡುಕದೆ ಆಸ್ಪತ್ರೆಗೆ ಹೋಗಬೇಕು.

ಪ್ರಾಚೀನರಿಗೆ ಎಲ್ಲವೂ ತಿಳಿದಿದ್ದಿತೆಂದು ವಾದಿಸುವವರೂ, ಏನೂ ತಿಳಿದಿರಲಿಲ್ಲವೆಂದು ನಗುವವರೂ ಈ ಚರಿತ್ರೆಯಿಂದ ಸಮನಾಗಿ ಕಲಿಯಬಹುದು. ಪಿತ್ತವು ಸಸ್ನೇಹವೂ ಹೌದು, ದ್ರವವೂ ಹೌದು ಎಂದು ಕಂಡ ಕಣ್ಣು ನಮ್ಮ ಆಚಾರ್ಯರದು. ಆ ಕಣ್ಣಿಗೆ ನಮಸ್ಕಾರ. ಆ ಎರಡು ಗುಣಗಳು ಒಂದೇ ಅಣುವಿನ ಎರಡು ಮೈಗಳೆಂದು ತೋರಿಸಿದ ಶ್ರಮವು ನಂತರದವರದು. ಆ ಶ್ರಮವನ್ನು ಅವರಿಂದ ಕಸಿದು ಆಚಾರ್ಯರಿಗೆ ಸಲ್ಲಿಸಹೊರಟರೆ ಅವರೇ ಒಪ್ಪಲಾರರು. ಪಿತ್ತವೇ ಅಗ್ನಿಯೋ ಅಲ್ಲವೋ ಎಂದು ಸುಶ್ರುತನು ಕೇಳಿದ ಪ್ರಶ್ನೆಯೂ, ತಮ್ಮ ಸೂತ್ರವನ್ನು ತಾವೇ ತಿದ್ದಿದ ವೀಲಾಂಡರ ಮನಸ್ಸೂ ಒಂದೇ ಕುಲದವು. ಆ ಕುಲವನ್ನು ನಮ್ಮ ಮಕ್ಕಳಲ್ಲಿ ಬೆಳೆಸುವುದೇ ಪೂರ್ವಿಕರಿಗೆ ಸಲ್ಲಿಸತಕ್ಕ ನಿಜವಾದ ತರ್ಪಣವೆಂದು ನನ್ನ ನಂಬಿಕೆ.